ಷೇಕ್ಸ್‌ಪಿಯರಾನಾದ ಕಿರಿಯ ಮಗಳು

ಕಾಶಿಯ ಕೇದಾರ ಘಾಟಿನಲ್ಲಿ ಕೆಂಪು ಬಿಳಿ ಪಟ್ಟೆಯ ಮೆಟ್ಟಿಲುಗಳ ಮೇಲೆ ಕುಳಿತವರ ಕಿವಿಗೆ ದಕ್ಷಿಣದ ಮಾತು ಬೀಳದೆ ಇರದು. ಗೌರೀ ಕೇದಾರೇಶ್ವರನ ದರ್ಶನಕ್ಕೆ ಬರುವವರಲ್ಲಿ ತಮಿಳರು, ತೆಲುಗರು, ಕನ್ನಡಿಗರು ಹೆಚ್ಚು. ಕುಮಾರಸ್ವಾಮಿ ಮಠವೂ ಅಲ್ಲಿಯೇ ಇದೆ. ನದಿಯ ಹರಿವಿಗೆ ಎದುರಾಗಿ ನಡೆದರೆ ಮೊದಲು ಸಿಗುವುದು ವಿಜಯನಗರಂ ಘಾಟ್. ಹೆಸರು ಕೇಳಿ ಹಂಪಿಯನ್ನು ನೆನೆದು ಪುಳಕಗೊಳ್ಳುವ ನಮ್ಮವರಿದ್ದಾರೆ. ಅದು ಆಂಧ್ರದ ಕರಾವಳಿಯ ವಿಜಯನಗರಂ ಅರಸರದು. ಮುಂದೆ ಹರಿಶ್ಚಂದ್ರ ಘಾಟ್. ಅದರಾಚೆಗೆ ಮೈಸೂರು ಸಂಸ್ಥಾನದ ನೆನಪನ್ನು ಉಳಿಸಿಕೊಂಡಿರುವ ಕರ್ನಾಟಕ ಘಾಟ್.

ಹರಿಶ್ಚಂದ್ರ ಘಾಟಿನ ಹೊಗೆ ಕಂಡಾಗ ಕನ್ನಡಿಗನ ಮನಸ್ಸಿಗೆ ರಾಘವಾಂಕ ಬರಬೇಕು. ಆದರೆ ಕಾವ್ಯ ಓದಿದವರಿಗಿಂತ ನಾಟಕ ನೋಡಿದವರು ಹೆಚ್ಚಾದ್ದರಿಂದ ಮೊದಲು ಬರುವವನು ಕಂಪನಿ ನಾಟಕದ ಲೋಹಿತಾಶ್ವ. ಹಾವು ಕಚ್ಚಿ ಸತ್ತ ಆ ಹುಡುಗನ ಪಾತ್ರಕ್ಕೆ ಸಾಮಾನ್ಯವಾಗಿ ಕಂಪನಿಯವರ ಮಕ್ಕಳೇ ಒದಗುತ್ತಿದ್ದರು. ತಾಯಿಯ ಅಳುವಿನ ಕಂದ ಮುಗಿಯುವವರೆಗೆ ಹೆಣವಾಗಿ ಮಲಗಿರುವುದು, ಪರದೆ ಬಿದ್ದ ಮೇಲೆ ಎದ್ದು ಊಟಕ್ಕೆ ಓಡುವುದು ಅವರ ಬಾಲ್ಯ. ಶಾಲೆ ಅವರಿಗೆ ಸಿಕ್ಕಿದ್ದು ಕಂಪನಿ ಮೊಕ್ಕಾಂ ಹಾಕಿದಲ್ಲಿ ಸಿಕ್ಕಷ್ಟು.

ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಹೀಗೆ ಹುಡುಗತನ ಕಳೆದ ಇಬ್ಬರನ್ನು ಈ ಘಾಟುಗಳ ನಡುವೆ ನೆನೆಯದಿರುವುದು ಕಷ್ಟ. ಒಬ್ಬರು ರಾಜಕುಮಾರ್, ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಬೆನ್ನಿಗೆ ಕಂಪನಿ ಸೇರಿದವರು, 1965ರ 'ಸತ್ಯ ಹರಿಶ್ಚಂದ್ರ' ಚಿತ್ರದಲ್ಲಿ ತೆರೆಯ ಮೇಲೆ ಸ್ಮಶಾನ ಕಾದವರು. ಇನ್ನೊಬ್ಬರು ಬಿ.ವಿ. ಕಾರಂತ. ವೀರಣ್ಣನವರೇ ಅವರನ್ನು ಓದಲೆಂದು ಕಾಶಿಗೆ ಕಳುಹಿಸಿದರು. ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಹಿಂದಿಯ ಎಂ.ಎ., ಓಂಕಾರನಾಥ ಠಾಕೂರರಲ್ಲಿ ಸಂಗೀತ, ಅಲ್ಲಿಂದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ: ಇದು ಅವರು ನಡೆದ ದಾರಿ.

ಅದೇ 1965ರಲ್ಲಿ ಬೇರೊಂದು ಕಂಪನಿಯ ಮಗಳೂ ಮೊದಲ ಸಲ ತೆರೆಯ ಮೇಲೆ ಕಾಣಿಸಿಕೊಂಡಳು. ಆಕೆಯನ್ನು ಕಂಪನಿ ಮಗಳೆಂದು ನಾವು ಗುರುತಿಸುವುದಿಲ್ಲ, ಏಕೆಂದರೆ ಆ ಕಂಪನಿಯ ಭಾಷೆ ಇಂಗ್ಲಿಷ್. ಬ್ರಿಟನ್ನಿನವರೂ ಗುರುತಿಸುವುದಿಲ್ಲ, ಏಕೆಂದರೆ ಅವರ ಪಾಲಿಗೆ ಆಕೆ ಟೆಲಿವಿಷನ್ನಿನ ಅಚ್ಚ ಇಂಗ್ಲಿಷ್ ಗೃಹಿಣಿ. ಹೆಸರು ಫೆಲಿಸಿಟಿ ಕೆಂಡಾಲ್.

ತಂದೆ ಜೆಫ್ರಿಯ ಹುಟ್ಟುಹೆಸರು ಬ್ರ್ಯಾಗ್. ಉತ್ತರ ಇಂಗ್ಲೆಂಡಿನ ಕೆಂಡಾಲ್ ಎಂಬ ತಮ್ಮ ಊರಿನ ಹೆಸರನ್ನೇ ರಂಗಕ್ಕಾಗಿ ಕುಲನಾಮ ಮಾಡಿಕೊಂಡರು. ಊರಿನ ಹೆಸರು ಹೊತ್ತ ಕಲಾವಿದರು ನಮಗೆ ಹೊಸಬರಲ್ಲ; ಗುಬ್ಬಿಯೂ ಒಂದು ಊರೇ. ಜೆಫ್ರಿ ಮತ್ತು ಪತ್ನಿ ಲಾರಾ ಲಿಡೆಲ್ ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಸೈನಿಕರ ಮನರಂಜನೆಗೆಂದು ಭಾರತಕ್ಕೆ ಬಂದರು. ದೇಶ ಅವರನ್ನು ಹಿಡಿದುಕೊಂಡಿತು. 1947ರಲ್ಲಿ, ಉಳಿದ ಇಂಗ್ಲಿಷರು ಗಂಟುಮೂಟೆ ಕಟ್ಟುತ್ತಿದ್ದಾಗ, ಇವರು ನಾಟಕದ ಪೆಟ್ಟಿಗೆಗಳನ್ನು ಹೊತ್ತು ಮತ್ತೆ ಬಂದರು. ತಂಡದ ಹೆಸರು 'ಷೇಕ್ಸ್‌ಪಿಯರಾನಾ'. ಶಾಲೆಯ ಸಭಾಂಗಣ, ಅರಮನೆಯ ದರ್ಬಾರು, ಊರಿನ ಟೌನ್‌ಹಾಲು, ಎಲ್ಲವೂ ಅವರಿಗೆ ರಂಗವೇ. ಉತ್ಪಲ್ ದತ್ತರಂತಹವರು ನಟನೆಯ ಮೊದಲ ಪಾಠಗಳನ್ನು ಕಲಿತದ್ದು ಈ ತಂಡದಲ್ಲಿ.

ಫೆಲಿಸಿಟಿ ಹುಟ್ಟಿದ್ದು 1946ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಓಲ್ಟನ್ನಿನಲ್ಲಿ. ಒಂಬತ್ತು ತಿಂಗಳ ಕೂಸಾಗಿದ್ದಾಗಲೇ 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್' ನಾಟಕದಲ್ಲಿ ರಂಗಕ್ಕೆ ಬಂದಾಯಿತು. ಯಕ್ಷರ ರಾಜ ರಾಣಿಯರು ಯಾವ ಮಗುವಿಗಾಗಿ ಜಗಳವಾಡುತ್ತಾರೋ ಆ ಮಗುವಿನ ಪಾತ್ರ. ಮಾತಿಲ್ಲದ ಪಾತ್ರ, ಎಷ್ಟೋ ಪ್ರಯೋಗಗಳಲ್ಲಿ ಆ ಮಗುವನ್ನು ತೋರಿಸುವುದೂ ಇಲ್ಲ. ಆದರೆ ನಾಟಕದ ಪ್ರಕಾರ ಅದು ಭಾರತದ ರಾಜನೊಬ್ಬನಿಂದ ಕದ್ದು ತಂದ ಕೂಸು. ಇಂಗ್ಲಿಷ್ ಮಗುವೊಂದು ಭಾರತದ ಮಗುವಾಗಿ ಬಾಳು ಆರಂಭಿಸಿತು ಎಂಬುದನ್ನು ಯಾವ ಕಥೆಗಾರನಾದರೂ ಕಲ್ಪಿಸಿ ಬರೆದಿದ್ದರೆ ನಾವು ನಂಬುತ್ತಿರಲಿಲ್ಲ.

1950ರ ದಶಕದಲ್ಲಿ ತಂಡ ಮತ್ತೆ ಭಾರತಕ್ಕೆ ಬಂದಾಗ ಆಕೆಗೆ ಆರೇಳು ವರ್ಷ. ಮುಂದಿನ ಬಾಲ್ಯವೆಲ್ಲ ರೈಲುಡಬ್ಬಿ, ಅಗ್ಗದ ಹೋಟೆಲು, ವೇಷದ ಪೆಟ್ಟಿಗೆಗಳ ನಡುವೆ. ಓದಿದ್ದು ಆರು ಬೇರೆ ಬೇರೆ ಕಾನ್ವೆಂಟುಗಳಲ್ಲಿ. ಹದಿನೇಳರಲ್ಲಿ ಕಲ್ಕತ್ತೆಯಲ್ಲಿ ವಿಷಮಶೀತ ಜ್ವರ ಬಂದು ಮಲಗಿದ್ದೂ ಉಂಟು. ಅಕ್ಕ ಜೆನ್ನಿಫರ್ ವಯಸ್ಸಿನಲ್ಲಿ ಬಹಳ ದೊಡ್ಡವರು, ತಂಡದ ನಾಯಕಿ. 1958ರಲ್ಲಿ ಅವರು ಪೃಥ್ವಿರಾಜ್ ಕಪೂರರ ಮಗ ಶಶಿ ಕಪೂರರನ್ನು ಮದುವೆಯಾದರು. ಅದೂ ಒಂದು ನಾಟಕ ಕಂಪನಿಯ ಮನೆತನವೇ ಆದ್ದರಿಂದ ಭಾಷೆ ಬೇರೆಯಾದರೂ ಕುಲ ಒಂದೇ ಎನ್ನಬೇಕು.

ಜೆಫ್ರಿಯ 1947ರ ದಿನಚರಿಯ ಆಧಾರದಿಂದ ಜೇಮ್ಸ್ ಐವರಿ ಮತ್ತು ರೂತ್ ಪ್ರವರ್ ಝಾಬ್ವಾಲಾ ಕಥೆ ಹೆಣೆದರು. ಇಸ್ಮಾಯಿಲ್ ಮರ್ಚೆಂಟ್ ನಿರ್ಮಿಸಿದರು. ಸತ್ಯಜಿತ್ ರಾಯ್ ಸಂಗೀತ ಕೊಟ್ಟರು. ಅದೇ 'ಷೇಕ್ಸ್‌ಪಿಯರ್ ವಾಲಾ'. ಕೆಂಡಾಲ್ ದಂಪತಿಗಳು ಬಹುಮಟ್ಟಿಗೆ ತಮ್ಮನ್ನೇ ಅಭಿನಯಿಸಿದರು. ಫೆಲಿಸಿಟಿ ಅವರ ಮಗಳು ಲಿಝಿಯಾದರು. ಚಿತ್ರದಲ್ಲಿ ಒಂದು ಸನ್ನಿವೇಶವಿದೆ. 'ಒಥೆಲೋ' ನಡೆಯುತ್ತಿರುವಾಗ ಮಧುರ್ ಜಾಫ್ರಿ ಅಭಿನಯಿಸಿದ ಮುಂಬೈಯ ಸಿನಿಮಾ ತಾರೆ ತಡವಾಗಿ ಸಭೆಗೆ ಬರುತ್ತಾಳೆ. ಜನ ನಾಟಕ ಬಿಟ್ಟು ಆಕೆಯತ್ತ ತಿರುಗುತ್ತಾರೆ. ನಮ್ಮ ವೃತ್ತಿರಂಗಭೂಮಿಯ ಕೊನೆಯ ದಶಕಗಳ ಚರಿತ್ರೆಯನ್ನು ಬರೆಯಹೊರಟವರು ಈ ಕೆಲವು ನಿಮಿಷಗಳನ್ನು ನೋಡಿದರೆ ಅರ್ಧ ಕೆಲಸ ಮುಗಿಯುತ್ತದೆ. ತಮ್ಮ ತಂಡವನ್ನು ಸೋಲಿನ ಕಥೆಯಾಗಿ ತೋರಿಸಿದ್ದು ಜೆಫ್ರಿಗೆ ಹಿಡಿಸಲಿಲ್ಲ. ನಾಟಕ ಕಟ್ಟಿದವನಿಗೆ ಹಾಗೆ ಅನ್ನಿಸುವುದು ಸಹಜ. ಆದರೂ ಚಿತ್ರ ಹೇಳಿದ್ದು ಸುಳ್ಳಲ್ಲ: ಇಂಗ್ಲಿಷಿನಲ್ಲಿ ಊರೂರಿಗೆ ಷೇಕ್ಸ್‌ಪಿಯರನನ್ನು ಒಯ್ಯುವ ಕಾಲ ಮುಗಿಯುತ್ತ ಬಂದಿತ್ತು.

ಚಿತ್ರದ ಕೊನೆಯಲ್ಲಿ ಲಿಝಿ ಹಡಗು ಹತ್ತಿ ತಾನು ಅರಿಯದ 'ತಾಯ್ನಾಡಿಗೆ' ಹೊರಡುತ್ತಾಳೆ. ನಿಜಜೀವನದಲ್ಲೂ ಹಾಗೆಯೇ ಆಯಿತು. ಅಕ್ಕ ಮುಂಬೈಯಲ್ಲಿ ಉಳಿದರು, ತಂಗಿ ಲಂಡನ್ನಿಗೆ ಹೋದರು. ಹತ್ತು ವರ್ಷಗಳಿಗೂ ಮೀರಿ ಭಾರತದ ಊರುಗಳಲ್ಲಿ ಬೆಳೆದ ಹುಡುಗಿಗೆ ಅಲ್ಲಿಯ ರಂಗಭೂಮಿಯಲ್ಲಿ ಬಂಧುವಿರಲಿಲ್ಲ, ಓದಿದ ನಾಟಕಶಾಲೆಯ ಹೆಸರು ಹೇಳಲೂ ಇರಲಿಲ್ಲ. 1966ರಲ್ಲಿ ಬಿಬಿಸಿಯ 'ದಿ ಮೇಫ್ಲೈ ಅಂಡ್ ದಿ ಫ್ರಾಗ್' ನಾಟಕದಲ್ಲಿ ಜಾನ್ ಗಿಲ್ಗುಡ್‌ರ ಎದುರು ಅವಕಾಶ ಸಿಕ್ಕಿತು. ನಂತರದ ವರ್ಷಗಳನ್ನು ಬೇಗ ದಾಟಬಹುದು. ಸಣ್ಣಪುಟ್ಟ ಪಾತ್ರಗಳು, ಕಾಯುವಿಕೆ.

1975ರ ಏಪ್ರಿಲಿನಲ್ಲಿ ಬಿಬಿಸಿಯಲ್ಲಿ 'ದಿ ಗುಡ್ ಲೈಫ್' ಆರಂಭವಾಯಿತು. ಜಾನ್ ಎಸ್ಮಂಡ್ ಮತ್ತು ಬಾಬ್ ಲಾರ್ಬಿ ಬರೆದದ್ದು. ಲಂಡನ್ನಿನ ಹೊರವಲಯದ ಸರ್ಬಿಟನ್ನಿನಲ್ಲಿ ಟಾಮ್ ಎಂಬವನು ನಲವತ್ತು ತುಂಬಿದ ದಿನ ನೌಕರಿ ಬಿಟ್ಟು, ಮನೆಯ ಹಿತ್ತಲನ್ನೇ ಹೊಲ ಮಾಡಿ, ಹಂದಿ, ಕೋಳಿ, ಆಡು ಸಾಕಿಕೊಂಡು ಬದುಕತೊಡಗುತ್ತಾನೆ. ಪಕ್ಕದ ಮನೆಯ ಸ್ಥಿತಿವಂತ ದಂಪತಿಗಳಿಗೆ ಇದರಿಂದ ಆಗುವ ಮುಜುಗರವೇ ಹಾಸ್ಯ. (ಹಿತ್ತಲಲ್ಲಿ ತರಕಾರಿ ಬೆಳೆದು ಕೊಟ್ಟಿಗೆಯಲ್ಲಿ ದನ ಕಟ್ಟುವ ನಮ್ಮ ಮಲೆನಾಡಿನವರಿಗೆ ಇದರಲ್ಲಿ ನಗುವಂಥದ್ದೇನು ಎಂದು ಅನ್ನಿಸಿದರೆ ತಪ್ಪಿಲ್ಲ.) ರಿಚರ್ಡ್ ಬ್ರಯರ್ಸ್ ಟಾಮ್ ಆದರು, ಫೆಲಿಸಿಟಿ ಅವನ ಹೆಂಡತಿ ಬಾರ್ಬರಾ. ಕೆಸರು ಮೆತ್ತಿದ ಬೂಟು, ಸಡಿಲ ಷರಾಯಿ, ಸೋಲಿನಲ್ಲೂ ಕುಂದದ ನಗು. 1978ರಲ್ಲಿ ಮುಗಿಯುವ ಹೊತ್ತಿಗೆ ಬಾರ್ಬರಾ ಇಂಗ್ಲೆಂಡಿನ ಮನೆಮನೆಯ ಮಾತಾಗಿದ್ದಳು. ಕೊನೆಯ ಸಂಚಿಕೆಯ ಚಿತ್ರೀಕರಣಕ್ಕೆ ರಾಣಿ ಎಲಿಝಬೆತ್ ಬಂದು ಕುಳಿತರು.

ನನಗನ್ನಿಸುವುದು ಇಷ್ಟು. ಬಾರ್ಬರಾಳ ಆ ಸಲೀಸು ಇಂಗ್ಲೆಂಡಿನ ಹೊರವಲಯದ್ದಲ್ಲ. ಇರುವುದರಲ್ಲಿ ಹೊಂದಿಸಿಕೊಳ್ಳುವುದು, ಹರಿದದ್ದನ್ನು ಹೊಲಿದು ತೊಡುವುದು, ಗಂಡಸಿನ ಹುಚ್ಚು ಕನಸಿಗೆ ನಗುತ್ತಲೇ ಹೆಗಲು ಕೊಡುವುದು, ಇವೆಲ್ಲ ಕಂಪನಿಯ ಬಿಡಾರದ ಹೆಣ್ಣುಮಕ್ಕಳ ವಿದ್ಯೆ. ಲಾರಾ ಮಾಡಿದ್ದು ಅದನ್ನೇ. ಆದರೆ ಆ ಹುಡುಗಿ ಎಲ್ಲಿಯವಳೆಂದು ಕೇಳುವ ಅಗತ್ಯ ನೋಡುಗರಿಗೆ ಬೀಳಲಿಲ್ಲ. ಭಾರತದ ರಾಜಕುಮಾರನಾಗಿ ಆರಂಭಿಸಿದವರು ಅಚ್ಚ ಇಂಗ್ಲಿಷ್ ನೆರೆಮನೆಯವರಾಗಿ ಪ್ರಸಿದ್ಧರಾದರು. ಎರಡೂ ವೇಷವೇ.

ಆಮೇಲಿನ ಸಾಧನೆ ದೊಡ್ಡದು: 1979ರ 'ಅಮೇಡಿಯಸ್'ನ ಮೊದಲ ಪ್ರಯೋಗದಲ್ಲಿ ಮೊಝಾರ್ಟನ ಹೆಂಡತಿ, ಟಾಮ್ ಸ್ಟಾಪರ್ಡರ ಸಾಲುಸಾಲು ನಾಟಕಗಳು, 2003ರಿಂದ ಟೆಲಿವಿಷನ್ನಿನಲ್ಲಿ 'ರೋಸ್‌ಮರಿ ಅಂಡ್ ಥೈಮ್'. ಇವುಗಳಲ್ಲಿ ನಮಗೆ ಮುಖ್ಯವಾದುದು ಒಂದೇ. ಸ್ಟಾಪರ್ಡ್ ಹುಡುಗನಾಗಿ ಕೆಲಕಾಲ ಡಾರ್ಜಿಲಿಂಗಿನಲ್ಲಿದ್ದವರು. 1991ರಲ್ಲಿ ಅವರು ರೇಡಿಯೋಗೆ ಬರೆದ 'ಇನ್ ದಿ ನೇಟಿವ್ ಸ್ಟೇಟ್', 1995ರಲ್ಲಿ 'ಇಂಡಿಯನ್ ಇಂಕ್' ಆಗಿ ರಂಗಕ್ಕೆ ಬಂದಾಗ, ಭಾರತಕ್ಕೆ ಬಂದು ಇಲ್ಲಿಯೇ ಸಾಯುವ ಇಂಗ್ಲಿಷ್ ಕವಯಿತ್ರಿ ಫ್ಲೋರಾಳ ಪಾತ್ರವನ್ನು ಫೆಲಿಸಿಟಿಯವರೇ ವಹಿಸಿದರು. ನಾಟಕದ ಅರ್ಪಣೆ ಲಾರಾ ಕೆಂಡಾಲರ ನೆನಪಿಗೆ.

ಅಕ್ಕ ಜೆನ್ನಿಫರ್ ಶಶಿ ಕಪೂರರೊಂದಿಗೆ 1978ರಲ್ಲಿ ಜುಹೂನಲ್ಲಿ ಪೃಥ್ವಿ ರಂಗಮಂದಿರವನ್ನು ಕಟ್ಟಿ ನಿಲ್ಲಿಸಿ, 1984ರಲ್ಲಿ ತೀರಿಕೊಂಡಿದ್ದರು. ಜೆಫ್ರಿ 1998ರಲ್ಲಿ ಹೋದರು. ಎಚ್ಚರತಪ್ಪಿ ಮಲಗಿದ್ದ ತಂದೆಯ ಹಾಸಿಗೆಯ ಪಕ್ಕದಲ್ಲಿ ಕುಳಿತು ನೆನೆದ ಬಾಲ್ಯವೇ ಅದೇ ವರ್ಷ 'ವೈಟ್ ಕಾರ್ಗೋ' ಎಂಬ ಆತ್ಮಕಥೆಯಾಯಿತು.

2012ರಲ್ಲಿ ಫೆಲಿಸಿಟಿ ಬಿಬಿಸಿಯ ಸಾಕ್ಷ್ಯಚಿತ್ರವೊಂದಕ್ಕಾಗಿ, ಭಾರತ ಷೇಕ್ಸ್‌ಪಿಯರನನ್ನು ಹೇಗೆ ತನ್ನವನನ್ನಾಗಿ ಮಾಡಿಕೊಂಡಿತೆಂದು ಹುಡುಕುತ್ತ ಇಲ್ಲಿ ತಿರುಗಿದರು. ಅದಕ್ಕೂ ಮೂವತ್ತಮೂರು ವರ್ಷ ಹಿಂದೆ, 1979ರಲ್ಲಿ, ಗುಬ್ಬಿ ಕಂಪನಿಯಿಂದ ಕಾಶಿಗೆ ಬಂದು ಹಿಂದಿ ಕಲಿತ ಹುಡುಗ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕನಾಗಿ ಕುಳಿತು, ರಘುವೀರ ಸಹಾಯರ ಹಿಂದಿ ಅನುವಾದದಲ್ಲಿ 'ಮ್ಯಾಕ್‌ಬೆತ್' ನಾಟಕವನ್ನು 'ಬರ್ನಮ್ ವನ' ಎಂಬ ಹೆಸರಿನಿಂದ ಆಡಿಸಿದ್ದರು. ಮ್ಯಾಕ್‌ಬೆತ್ ಅಲ್ಲಿ ಯಕ್ಷಗಾನದ ಹೆಜ್ಜೆ ಹಾಕುತ್ತ ಬಂದಿದ್ದ.