ಇಟ್ಟ ಭರವಸೆ

ಭರವಸೆ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಕ್ರಿಯಾಪದಗಳ ಒಡನಾಟ ಹೆಚ್ಚು: ಒಂದು ಕೊಡುವುದು, ಇನ್ನೊಂದು ಇಡುವುದು. ಕೊಟ್ಟ ಭರವಸೆ ಲೋಕಪ್ರಸಿದ್ಧವಾದುದು. ಚುನಾವಣೆಯ ವೇದಿಕೆಯ ಮೇಲೆ ಕೊಡುತ್ತಾರೆ, ಮದುವೆಯ ಮಾತುಕತೆಯಲ್ಲಿ ಕೊಡುತ್ತಾರೆ, ಮಳೆಗಾಲ ಕಳೆಯುತ್ತಲೇ ರಸ್ತೆ ಮಾಡಿಸಿಕೊಡುವೆವೆಂದು ಮೂಡಿಗೆರೆಯಿಂದ ಕಳಸದವರೆಗೆ ಧಾರಾಳವಾಗಿ ಕೊಡುತ್ತಾರೆ. ಹೀಗೆ ಕೊಟ್ಟುದರ ಲೆಕ್ಕ ನೋಡಲೆಂದೇ ನಮ್ಮ ವಿಧಾನಮಂಡಲದಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಎಂಬುದೊಂದು ಉಂಟು. ಇಟ್ಟ ಭರವಸೆಗೆ ಇಂಥ ಸಮಿತಿಯಿಲ್ಲ. ಅದನ್ನು ಇಟ್ಟವನಿಗೆ ಗೊತ್ತು, ಯಾರ ಮೇಲೆ ಇಟ್ಟನೋ ಅವನಿಗೆ ಗೊತ್ತು. ಮೂರನೆಯವನು ಅದನ್ನು ಕಾಣುವುದು ಅಪರೂಪ. ನಾನು ಒಮ್ಮೆ ಕಂಡೆನೆಂದು ಭಾವಿಸಿರುವೆನಾದುದರಿಂದ ಈ ಬರೆಹ.

ನಮ್ಮ ತೋಟದ ಬೇಲಿಗೆ ತಗುಲಿದ ತೋಟದಲ್ಲಿ ಲೆಕ್ಕ ಬರೆಯುವ ಒಬ್ಬ ರೈಟರು ಇದ್ದಾರೆ. ಮಂಗಳೂರಿನ ಕಡೆಯಿಂದ ಎರಡು ತಲೆಮಾರುಗಳ ಹಿಂದೆ ಘಟ್ಟ ಹತ್ತಿ ಬಂದ ಕಥೋಲಿಕರ ಮನೆತನ. ಮನೆಯೊಳಗೆ ಕೊಂಕಣಿ, ಕೂಲಿಯಾಳುಗಳೊಡನೆ ಕನ್ನಡ, ತುಳು, ಅಷ್ಟಿಷ್ಟು ತಮಿಳು. ಊರಿನವರಿಗೆ ಅವರು ಪೊರ್ಬುಗಳು, ಅವರ ಹೆಂಡತಿ ಬಾಯಮ್ಮ. ಕೆಲವು ವರ್ಷಗಳ ಕೆಳಗೆ ಒಂದು ಫೆಬ್ರವರಿಯ ಬೆಳಿಗ್ಗೆ, ಮೆಣಸಿನ ಕೊಯ್ಲಿಗೆ ಬರಬೇಕಾದ ಆಳು ಬಾರದೆ ಹೋಗಲು, ಹಾಜರಿಯ ಚೆಕ್‌ರೋಲನ್ನು ಕಲ್ಲಿನ ಮೇಲಿರಿಸಿ ತಾವೇ ಸೊಂಟಕ್ಕೆ ಚೀಲ ಕಟ್ಟಿಕೊಂಡು ಸಿಲ್ವರ್ ಮರಕ್ಕೆ ಏಣಿ ಆನಿಸಿದರು. ಮಂಜಿಗೆ ನೆನೆದ ತರಗೆಲೆಯ ಮೇಲೆ ಏಣಿಯ ಬುಡ ಜಾರಿತು. ನಾನು ಓಡಿ ಹೋದಾಗ ಪೊರ್ಬುಗಳು ಕಾಫಿಗಿಡಗಳ ನಡುವೆ ಅಂಗಾತ ಬಿದ್ದಿದ್ದರು. ಎದೆಯ ಮೇಲೆಲ್ಲ ಹಸಿರು ಮೆಣಸಿನ ಗೊಂಚಲುಗಳು ಚೆಲ್ಲಿದ್ದವು. ಕಣ್ಣು ತೆರೆದೇ ಇತ್ತು. "ಮೇಷ್ಟ್ರೇ, ಕಾಲು ಎಲ್ಲಿದೆ ನೋಡಿ" ಎಂದರು. ಕಾಲು ಇದ್ದಲ್ಲೇ ಇತ್ತು, ಅವರಿಗೆ ಮಾತ್ರ ಅದರ ಸುದ್ದಿ ತಲುಪುತ್ತಿರಲಿಲ್ಲ.

ಕೊಟ್ಟಿಗೆಹಾರ ದಾಟಿ ಚಾರ್ಮಾಡಿಯ ತಿರುವುಗಳನ್ನು ಇಳಿದು ಮಂಗಳೂರು ಮುಟ್ಟುವವರೆಗಿನ ಆ ಹಾದಿಯನ್ನು ವರ್ಣಿಸಲು ನನಗೆ ಮನಸ್ಸಿಲ್ಲ. ಶಸ್ತ್ರಚಿಕಿತ್ಸೆಯ ತರುವಾಯ ವೈದ್ಯರು ಬಾಯಮ್ಮನನ್ನು ಕರೆದು, ಜೀವಕ್ಕೆ ಅಪಾಯವಿಲ್ಲ, ನಡೆಯುವ ವಿಷಯದಲ್ಲಿ ಮಾತ್ರ ತಾನು ಭರವಸೆ ಕೊಡಲಾರೆನೆಂದರು. ಪ್ರಾಮಾಣಿಕರು, ಇಲ್ಲದ್ದನ್ನು ಕೊಡಲಿಲ್ಲ. ಹೊರಗೆ ಬೆಂಚಿನ ಮೇಲೆ ಜಪಸರ ಹಿಡಿದು ಕುಳಿತಿದ್ದ ಪೊರ್ಬುಗಳ ಮುದಿ ತಾಯಿ ಇದನ್ನು ಕೇಳಿ ಸೊಸೆಗೆ ಹೇಳಿದ್ದು ಇಷ್ಟೇ: "ದೇವಾಚೆರ್ ಭರ್ವಸೊ ದವರ್." ದವರ್ ಎಂದರೆ ಇಡು. ಒಬ್ಬರು ಕೊಡಲಾರದೆ ಹೋದ ಅದೇ ಪದವನ್ನು ಇನ್ನೊಬ್ಬರು, ಅರೆಗಳಿಗೆಯೊಳಗೆ, ಬೇರೊಂದು ಕ್ರಿಯಾಪದಕ್ಕೆ ಕಟ್ಟಿ ಇರಿಸಿದ ಆ ವ್ಯಾಕರಣ ನನ್ನ ಕಿವಿಯಲ್ಲಿ ಉಳಿಯಿತು.

ಕೊಂಕಣಿಯ ಭರ್ವಸೊ, ಮರಾಠಿಯ ಭರವಸಾ, ಹಿಂದಿಯ ಭರೋಸಾ, ನಮ್ಮ ಭರವಸೆ ಇವೆಲ್ಲ ಒಂದೇ ಬಳಗದ ಮಾತುಗಳು. ಭರವಸೆಯ ತಲೆಯ ಮೇಲಿನ ಭರ ಎಂಬ ಎರಡಕ್ಷರಗಳಲ್ಲಿ ನನಗೆ ಸಂಸ್ಕೃತದ ಭರ, ಅಂದರೆ ಹೊರೆ, ಕೇಳಿಸುತ್ತದೆ. ನಿಘಂಟುಕಾರರು ಒಪ್ಪದಿದ್ದರೆ ನನ್ನ ಹಟವಿಲ್ಲ. ಆದರೆ 'ದೇವರ ಮೇಲೆ ಭಾರ ಹಾಕು' ಎಂದು ನಮ್ಮ ಹಳ್ಳಿಯ ಮುದುಕಿಯೂ ಹೇಳುವಾಗ, ಭರವಸೆಯೂ ಭಾರವೂ ಜನರ ನಾಲಿಗೆಯಲ್ಲಾದರೂ ನೆಂಟರಾಗಿರುವುದು ಸುಳ್ಳಲ್ಲ. ಭಾರ ಎಂದ ಮೇಲೆ ಅದನ್ನು ಕೊಡುವುದಕ್ಕಿಂತ ಇಡುವುದೇ ಸಹಜ.

ಕ್ರೈಸ್ತಧರ್ಮದಲ್ಲಿ ಮೂರು ದೈವಿಕ ಸದ್ಗುಣಗಳನ್ನು ಹೇಳುತ್ತಾರಷ್ಟೆ. ಪ್ರಾಟೆಸ್ಟಂಟರ ಹಳೆಯ ಕನ್ನಡ ಬೈಬಲ್ಲಿನಲ್ಲಿ ಅವು ನಂಬಿಕೆ, ನಿರೀಕ್ಷೆ, ಪ್ರೀತಿ. ಕಥೋಲಿಕರು ನಂಬಿಕೆಯ ಸ್ಥಾನದಲ್ಲಿ ವಿಶ್ವಾಸವೆನ್ನುತ್ತಾರೆ. ನಡುವಿನದಕ್ಕೆ ಕೊಂಕಣಿಯವರ ಮಾತು ಭರ್ವಸೊ. ವಿಶ್ವಾಸದ ಒಳಗಿರುವುದು ಉಸಿರಾಡುವ ಶ್ವಸ್ ಧಾತು, ನಿರೀಕ್ಷೆಯ ಒಳಗಿರುವುದು ನೋಡುವ ಈಕ್ಷ್ ಧಾತು. ಈ ಬೆಟ್ಟಗಳಲ್ಲಿ ನಿರೀಕ್ಷೆಯೆಂಬುದು ನಮಗೆ ಸುಪರಿಚಿತ. ಮಾರ್ಚಿಯಲ್ಲಿ ಹೂಮಳೆಗಾಗಿ ಆಕಾಶ ನೋಡುತ್ತೇವೆ. ಬಿದ್ದರೆ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಹೂವಾಗುತ್ತದೆ. ಮತ್ತೆರಡು ವಾರದೊಳಗೆ ಇನ್ನೊಂದು ಮಳೆ ಬಾರದಿದ್ದರೆ ಹೂ ಕಟ್ಟಿದ್ದೂ ಕಾಯಾಗದು. ನಿರೀಕ್ಷೆಗೆ ಹೀಗೆ ದಿನದ ಲೆಕ್ಕವುಂಟು, ತಪ್ಪಿದರೆ ನಷ್ಟದ ಲೆಕ್ಕವುಂಟು. ಬೆನ್ನು ಮುರಿದು ಮಲಗಿದವನಿಗೆ ನೋಡಲು ಇದ್ದುದು ಹಂಚಿನ ಮಾಡೊಂದೇ. ಅಲ್ಲಿ ಯಾವ ಮೋಡವನ್ನು ನೋಡಿ ಯಾವ ಲೆಕ್ಕ ಹಾಕಬೇಕು?

ಪೊರ್ಬುಗಳು ಲೆಕ್ಕ ಹಾಕಿದರು, ಲೆಕ್ಕ ತಪ್ಪಿತು, ಕೋಪಗೊಂಡರು. ಇದನ್ನು ಮುಚ್ಚಿಡುವುದು ಅವರಿಗೂ ಇಷ್ಟವಿಲ್ಲ. ಮೂರು ತಿಂಗಳು ಜಪಸರವನ್ನು ಮುಟ್ಟಲಿಲ್ಲ. ತಾಯಿ ದಿಂಬಿನ ಕೆಳಗಿಟ್ಟರೆ ಕೆಳಗೆ ಬೀಳಿಸುತ್ತಿದ್ದರು. ಮಳೆ ಹಿಡಿದ ಜೂನಿನಲ್ಲಿ ಫಾದರ್ ಒಬ್ಬರು ಕೊಡೆ ಮಡಚಿ, ಒದ್ದೆ ಪಾದರಕ್ಷೆಗಳನ್ನು ಜಗಲಿಯಲ್ಲಿ ಬಿಟ್ಟು ಒಳಗೆ ಬಂದರು. ಜೇಬಿನಿಂದ ಹೆಬ್ಬೆರಳು ಗಾತ್ರದ ಎಣ್ಣೆಯ ಡಬ್ಬಿ ತೆಗೆದರು. ರೋಗಿಗಳ ಅಭ್ಯಂಗವೆಂಬ ಈ ಸಂಸ್ಕಾರಕ್ಕೂ ಪದಚರಿತ್ರೆಯೊಂದುಂಟು. ಹಿಂದೆ ಇದರ ಹೆಸರು ಅಂತಿಮ ಅಭ್ಯಂಗ. ಎಣ್ಣೆ ಮನೆಯೊಳಗೆ ಬಂತೆಂದರೆ ಹೊರಗಿನವರು ಶವಪೆಟ್ಟಿಗೆಗೆ ಹಲಗೆ ಹುಡುಕುವ ಕಾಲವದು. 1963ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ಇದು ಸಾಯುವವರಿಗೆ ಮಾತ್ರವಾದುದಲ್ಲ, ರೋಗಿಗಳ ಅಭ್ಯಂಗವೆನ್ನುವುದೇ ಹೆಚ್ಚು ಯುಕ್ತವೆಂದು ಸಾರಿತು. 1972ರಲ್ಲಿ ಆರನೆಯ ಪೌಲ ಜಗದ್ಗುರುಗಳು ವಿಧಿಯನ್ನು ಪರಿಷ್ಕರಿಸಿ, ಹಣೆಗೂ ಕೈಗಳಿಗೂ ಎಣ್ಣೆ ಹಚ್ಚಿದರೆ ಸಾಕೆಂದೂ, ಆಲಿವ್ ದೊರೆಯದ ದೇಶದಲ್ಲಿ ಬೇರೆ ಸಸ್ಯದ ಎಣ್ಣೆಯೂ ಆಗಬಹುದೆಂದೂ ವಿಧಿಸಿದರು. ಆದರೂ ಹೆಸರು ಬದಲಾದಷ್ಟು ಬೇಗ ಭಯ ಬದಲಾಗುವುದಿಲ್ಲ. ಪೊರ್ಬುಗಳು ಆಮೇಲೆ ನನಗೆ ಹೇಳಿದರು: "ಹಣೆಗೆ ಹಚ್ಚಿದಾಗ, ಮುಗಿಯಿತು ನನ್ನ ಕಥೆ ಅಂದುಕೊಂಡೆ ಮೇಷ್ಟ್ರೇ. ಆಮೇಲೆ ಕೈ ಬಿಡಿಸಿ ಅಂಗೈಗೆ ಹಚ್ಚಿದರು. ಸಾಯುವವನ ಕೈಗೆ ಎಣ್ಣೆ ಯಾಕೆ, ಕೆಲಸ ಇರಬೇಕಲ್ಲ ಅದಕ್ಕೆ, ಅನ್ನಿಸಿತು."

ದೇವಶಾಸ್ತ್ರಜ್ಞರು ಈ ವ್ಯಾಖ್ಯಾನವನ್ನು ಒಪ್ಪುವರೋ ಇಲ್ಲವೋ. ಮರುವಾರ ನಾನು ಹೋದಾಗ ಅವರು ಮಲಗಿದಲ್ಲೇ ಎದೆಯ ಮೇಲೆ ಚೆಕ್‌ರೋಲ್ ನಿಲ್ಲಿಸಿಕೊಂಡು, ಮೇಸ್ತ್ರಿ ಬಾಗಿಲಲ್ಲಿ ನಿಂತು ಕೂಗಿದ ಹೆಸರುಗಳಿಗೆ ಹಾಜರಿ ಗುರುತು ಹಾಕುತ್ತಿದ್ದರು. ಪೆನ್ಸಿಲಿನ ತುದಿಯಲ್ಲಿ ಅಂದಿನ ಎಣ್ಣೆಯೇನೂ ಇರಲಿಲ್ಲ, ಬೆವರಿತ್ತು. ಜಪಸರ ಮಂಚದ ಕಾಲಿಗೆ ಸುತ್ತಿಕೊಂಡಿತ್ತು.

ಗಾಯಗೊಂಡು ಮಲಗಿ ದೇವರ ಕಡೆ ಹೊರಳಿದವರ ಕಥೆಗಳಲ್ಲಿ ಕಥೋಲಿಕರು ಹೆಚ್ಚಾಗಿ ನೆನೆಯುವುದು ಲೊಯೊಲಾದ ಇಗ್ನೇಷಿಯಸರ ಕಥೆಯನ್ನು. 1521ರ ಮೇ ತಿಂಗಳಲ್ಲಿ ಪಾಂಪ್ಲೋನದ ಕೋಟೆಯಲ್ಲಿ ಫಿರಂಗಿಯ ಗುಂಡು ತಗುಲಿ ಕಾಲು ಮುರಿಯಿತು. ಹಾಸಿಗೆಯಲ್ಲಿ ವೀರರ ಕಥೆಗಳನ್ನು ಕೇಳಿದರೆ ಮನೆಯಲ್ಲಿ ಇದ್ದದ್ದು ಕ್ರಿಸ್ತನ ಚರಿತ್ರೆ, ಸಂತರ ಚರಿತ್ರೆ ಮಾತ್ರ. ಓದುತ್ತ ಓದುತ್ತ ಯೋಧ ಸಂತನಾದನೆಂದು ಪ್ರವಚನಕಾರರು ಒಂದೇ ಉಸಿರಿಗೆ ಮುಗಿಸಿಬಿಡುತ್ತಾರೆ. ಮುರಿದ ಮೂಳೆ ಓರೆಯಾಗಿ ಕೂಡಿತೆಂದು ಮತ್ತೆ ಮುರಿಸಿ ಕೂಡಿಸಿಕೊಂಡದ್ದನ್ನು, ಅಷ್ಟಾದರೂ ಕುಂಟು ಜೀವಾವಧಿ ಉಳಿದದ್ದನ್ನು ನಿಧಾನವಾಗಿ ಹೇಳಿದ್ದರೆ ಒಳ್ಳೆಯದಿತ್ತು. ಭರವಸೆಯಿಟ್ಟವನ ಕಾಲು ನೆಟ್ಟಗಾಗಲೇಬೇಕೆಂದು ಕಾಯುವವರು ಕೊಟ್ಟ ಭರವಸೆಯ ಕಾನೂನನ್ನು ಇಟ್ಟ ಭರವಸೆಗೆ ಹಚ್ಚುತ್ತಾರೆ; ವಸೂಲಿಗೆ ಹೊರಡುತ್ತಾರೆ. ಅದು ಭರವಸೆಯಲ್ಲ, ನಿರೀಕ್ಷೆಯೇ ವೇಷ ಬದಲಿಸಿಕೊಂಡು ಬಂದದ್ದು.

ಕಥೋಲಿಕರ 2025ರ ಜೂಬಿಲಿ ವರ್ಷದಲ್ಲಿ ವಿಶ್ವಾಸಿಗಳು ತಮ್ಮನ್ನು ಭರವಸೆಯ ಯಾತ್ರಿಕರೆಂದು ಕರೆದುಕೊಂಡರು. ಯಾತ್ರಿಕರೆಂದರೆ ನಡೆಯುವವರು. ಪೊರ್ಬುಗಳು ನಡೆಯುತ್ತಾರೆ, ಎಡಗಾಲನ್ನು ಎಳೆದುಕೊಂಡು, ಬಿದಿರಿನ ಕೋಲೂರಿ; ಭಾನುವಾರದ ಪೂಜೆಗೆ ಜೀಪಿನಿಂದ ಇಳಿದು ಚರ್ಚಿನ ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲಲ್ಲೂ ಒಮ್ಮೆ ಕೋಲಿನ ಮೇಲೆ, ಒಮ್ಮೆ ಬಾಯಮ್ಮನ ಭುಜದ ಮೇಲೆ ಮೈಭಾರವನ್ನೆಲ್ಲ ಬಿಟ್ಟು ನಿಲ್ಲುತ್ತಾರೆ. ನಾಚಿಕೆಯಿಲ್ಲದೆ ಭಾರ ಬಿಡುವುದನ್ನು ಕಲಿಯಲು ಕಾಲಿಗಿಂತ ಹೆಚ್ಚು ದಿನ ಹಿಡಿಯಿತೆನ್ನುತ್ತಾರೆ.

ಈ ಸಲದ ಮೆಣಸಿನ ಕೊಯ್ಲಿನಲ್ಲಿ ಬೇಲಿಯ ಬಳಿ ನಿಂತಿದ್ದೆ. ಹೊಸದಾಗಿ ಬಂದ ಹುಡುಗನೊಬ್ಬ ಬರಿಗೈಯಲ್ಲಿ ಏಣಿ ಹತ್ತುತ್ತಿದ್ದ. ಸ್ವಾಮಿಯ ಕೃಪೆ, ಏನೂ ಆಗುವುದಿಲ್ಲ ಎಂದು ನಕ್ಕ. ಪೊರ್ಬುಗಳು ಕೋಲನ್ನೆತ್ತಿ ಅವನ ಹಿಮ್ಮಡಿಗೆ ತಟ್ಟಿದರು. "ಇಳಿಯೋ ಕೆಳಗೆ. ಭರವಸೆ ದೇವರ ಮೇಲೆ ಇಡು, ಏಣಿಯ ಮೇಲೆ ಇಡಬೇಡ. ಮೊದಲು ಸೊಂಟಕ್ಕೆ ಹಗ್ಗ ಕಟ್ಟು, ಬುಡಕ್ಕೊಬ್ಬ ನಿಲ್ಲಲಿ." ಹುಡುಗ ಇಳಿದು ಹಗ್ಗ ಹುಡುಕಿಕೊಂಡು ಕೂಲಿ ಲೈನಿನ ಕಡೆ ಹೋದ. ಪೊರ್ಬುಗಳು ಕೋಲನ್ನು ನೆಲಕ್ಕೂರಿ, ತಾವೇ ಏಣಿಯ ಬುಡ ಹಿಡಿದುಕೊಂಡು ನಿಂತರು.