ಗೋವಾ ಪುಡಿ ಗೋವೆಯದಲ್ಲ

ಹುಳುಕಡ್ಡಿಯ ತುರಿಕೆ ಎಂಥದೆಂದು ನಿಮ್ಮಲ್ಲಿ ಕೆಲವರಿಗಾದರೂ ಅನುಭವವಿದ್ದೀತು. ಗಜಕರ್ಣವೆಂದೂ ಕರೆಯುವ ಈ ಬೇನೆಗೆ ಹತ್ತೊಂಬತ್ತನೆಯ ಶತಮಾನದ ಮುಂಬಯಿಯಲ್ಲಿ ಒಂದು ಹೆಸರಾಂತ ಮದ್ದಿತ್ತು. ಅದೇ ಗೋವಾ ಪುಡಿ. ಅದನ್ನು ನಿಂಬೆರಸದಲ್ಲೋ ವಿನಿಗರಿನಲ್ಲೋ ಕಲಸಿ ಹಚ್ಚುತ್ತಿದ್ದರು. ಗುಣವೂ ಕಾಣುತ್ತಿತ್ತು. ಆದರೆ ಅದು ಯಾವ ಗಿಡದ ಪುಡಿ? 1864ರಲ್ಲಿ ಮುಂಬಯಿಯ ಕೆಂಪ್ ಎಂಬವರು ಇದರ ಬಗ್ಗೆ ಬರೆದಾಗಲೂ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಗೋವೆಯಿಂದ ಬರುತ್ತದೆ, ಆದ್ದರಿಂದ ಗೋವಾ ಪುಡಿ, ಅಷ್ಟೇ.

ಉತ್ತರ ಬಂದದ್ದು ಸಮುದ್ರದಾಚೆಯಿಂದ. ಭಾರತದಲ್ಲಿ ವೈದ್ಯನಾಗಿದ್ದ ಜೋಸೆಫ್ ಫೇರರ್ 1874ರಲ್ಲಿ ಇಂಗ್ಲೆಂಡಿನ ವೈದ್ಯ ಪತ್ರಿಕೆಯೊಂದರಲ್ಲಿ ಈ ಪುಡಿಯನ್ನು ಕುರಿತು ಬರೆದನು. ಅದು ಬ್ರೆಜಿಲ್ ದೇಶದ ಬಾಹಿಯಾದಲ್ಲಿದ್ದ ವೈದ್ಯ ಡಾ. ಸಿಲ್ವಾ ಲಿಮಾನ ಕಣ್ಣಿಗೆ ಬಿತ್ತು. ಇದು ನಮ್ಮೂರಿನ ಅರಾರೋಬಾ ಪುಡಿಯೇ ಎಂದು ಅವನು 1875ರಲ್ಲಿ ತಿಳಿಸಿದನು. ಭೂಪಟವನ್ನು ನೋಡಿದರೆ ಇದು ವಿಚಿತ್ರವೆನಿಸಬಹುದು. ಇತಿಹಾಸವನ್ನು ನೋಡಿದರೆ ಹಾಗೆನಿಸದು. ಗೋವೆ 1510ರಿಂದ 1961ರವರೆಗೆ ಪೋರ್ಚುಗೀಸರ ವಶದಲ್ಲಿತ್ತು. ಬ್ರೆಜಿಲ್ 1822ರವರೆಗೆ ಅವರದೇ ವಸಾಹತು. ಗೇರು, ಪಪಾಯಿಗಳು ನಮ್ಮ ಕರಾವಳಿಗೆ ಬಂದದ್ದೂ ಈ ನಂಟಿನಿಂದಲೇ ಅಲ್ಲವೇ?

ಅರಾರೋಬಾ ಎಂಬುದು ಬಾಹಿಯಾದ ಕಾಡಿನ ದೊಡ್ಡ ಮರ. ಹುರುಳಿ, ತೊಗರಿಗಳ ಕುಟುಂಬಕ್ಕೆ ಸೇರಿದ್ದು. ಅದರ ಕಾಂಡದೊಳಗಿನ ಬಿರುಕುಗಳಲ್ಲಿ ಹಳದಿ ಪುಡಿ ತುಂಬಿರುತ್ತದೆ. ಮರವನ್ನು ಕಡಿದು, ಸೀಳಿ, ಆ ಪುಡಿಯನ್ನು ಹೆರೆದು ತೆಗೆಯಬೇಕು. ಹೆರೆಯುವವರ ಕಣ್ಣು ಉರಿದು, ಮುಖ ಊದಿಕೊಳ್ಳುತ್ತಿತ್ತು. ಗಿಡಮೂಲಿಕೆಯ ಮದ್ದೆಂದರೆ ಮೃದು, ಅದರಿಂದ ಕೇಡಿಲ್ಲ ಎಂದು ನಂಬುವವರು ಈ ಕೂಲಿಗಳನ್ನು ನೆನೆಯಬೇಕು. ಹುಳುಕಡ್ಡಿಯನ್ನು ಅಡಗಿಸಿದ ಪುಡಿಯನ್ನೇ ನೀರೊಸರುವ ಇಸುಬಿಗೆ ಹಚ್ಚಿದರೆ ಉರಿ ಇನ್ನೂ ಏರುತ್ತದೆ. ತುರಿಕೆ ಒಂದೇ ತೆರನಾಗಿ ಕಂಡರೂ ರೋಗ ಬೇರೆ. ಒಂದು ಶಿಲೀಂಧ್ರದಿಂದ ಬಂದದ್ದು, ಇನ್ನೊಂದು ಚರ್ಮದ್ದೇ ಉರಿಯೂತ.

ಈ ವ್ಯತ್ಯಾಸವನ್ನು ಅರಿಯದ ಒಬ್ಬ ರೋಗಿಯ ತಪ್ಪೇ ಮುಂದಿನ ಶೋಧಕ್ಕೆ ಕಾರಣವಾದದ್ದು ಒಂದು ತಮಾಷೆ. ಲಂಡನ್ನಿನಲ್ಲಿ ಒಬ್ಬನಿಗೆ ಸೋರಿಯಾಸಿಸ್ ಇತ್ತು. ಅದನ್ನು ಹುಳುಕಡ್ಡಿಯೆಂದು ಭಾವಿಸಿ ಅವನು ಗೋವಾ ಪುಡಿ ಹಚ್ಚಿಕೊಂಡ, ಕಲೆಗಳು ಇಳಿದವು. ಚರ್ಮವೈದ್ಯ ಬಾಲ್ಮನೋ ಸ್ಕ್ವೈರ್ ಇದನ್ನು ಗಮನಿಸಿ 1876ರಲ್ಲಿ ಪ್ರಕಟಿಸಿದನು. ಎರಡು ವರ್ಷಗಳಲ್ಲಿ ರಸಾಯನ ವಿಜ್ಞಾನಿಗಳು ಪುಡಿಯ ಸತ್ವವನ್ನು ಬೇರ್ಪಡಿಸಿ ಕ್ರೈಸಾರೋಬಿನ್ ಎಂದು ಹೆಸರಿಟ್ಟರು. ಅದನ್ನು ಕೊಬ್ಬಿನಲ್ಲಿ ಕಲಸಿದ ಮುಲಾಮು ಬಳಕೆಗೆ ಬಂತು.

ನಮ್ಮಲ್ಲಿ ಹುಳುಕಡ್ಡಿಗೆ ಸೀಮೆ ಅಗಸೆಯ ಎಲೆಯನ್ನು ಅರೆದು ಹಚ್ಚುವುದುಂಟು. ಅದರಲ್ಲಿರುವುದೂ ಇದೇ ಬಳಗದ ರಾಸಾಯನಿಕ. ಆ ಗಿಡವೂ ಅಮೆರಿಕ ಖಂಡದಿಂದ ಬಂದದ್ದೇ; ಆದರೆ ನಮ್ಮ ಹಿರಿಯರು ‘ಸೀಮೆ’ ಎಂದು ಸೇರಿಸಿ ಅದರ ಪರದೇಶದ ಮೂಲವನ್ನು ಹೆಸರಿನಲ್ಲೇ ಉಳಿಸಿದರು.

ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಬ್ರೆಜಿಲಿನ ಪುಡಿ ಸಿಗದಂತಾಯಿತು. ಆಗ ಅಲ್ಲಿನವರು ಅದಕ್ಕೆ ಬದಲಾಗಿ ಕಾರ್ಖಾನೆಯಲ್ಲೇ ಒಂದು ವಸ್ತುವನ್ನು ತಯಾರಿಸಿದರು; ವೈದ್ಯರು 1916ರಲ್ಲಿ ಅದರ ಬಳಕೆಯನ್ನು ವರದಿ ಮಾಡಿದರು. ಅದೇ ಡೈತ್ರನಾಲ್. ಸೋರಿಯಾಸಿಸ್ ಚಿಕಿತ್ಸೆಯಲ್ಲಿ ಅದು ಇಂದಿಗೂ ಇದೆ. ಚರ್ಮಕ್ಕೂ ಬಟ್ಟೆಗೂ ಕಂದು ಕಲೆ ಹತ್ತಿಸುವ ಹಳೆಯ ಪುಡಿಯ ಚಾಳಿಯನ್ನು ಮಾತ್ರ ಅದು ಬಿಟ್ಟಿಲ್ಲ.