ಕೊಬ್ಬು ಕಳುಹಿಸುವ ಓಲೆ

ಸೊಕ್ಕಿನಿಂದ ಮೆರೆಯುವವನನ್ನು 'ಅವನಿಗೆ ಕೊಬ್ಬು ಜಾಸ್ತಿ' ಎಂದು ಬೈಯುವುದು ವಾಡಿಕೆ. ವೈದ್ಯಶಾಸ್ತ್ರವೂ ಬಹುಕಾಲ ಕೊಬ್ಬಿಗೆ ಹೆಚ್ಚಿನ ಮರ್ಯಾದೆ ಕೊಟ್ಟಿರಲಿಲ್ಲ. ಬರಗಾಲಕ್ಕೆಂದು ಹಗೇವಿನಲ್ಲಿ ತುಂಬಿಟ್ಟ ಜೋಳದಂತೆ ಅದು ದೇಹದ ಮೂಕ ದಾಸ್ತಾನು ಎಂದೇ ತಿಳಿಯಲಾಗಿತ್ತು. ಈ ತಿಳಿವಳಿಕೆಯನ್ನು ಅಲ್ಲಾಡಿಸಿದ್ದು ಇಲಿಗಳು.

1949ರಲ್ಲಿ ಅಮೆರಿಕದ ಬಾರ್ ಹಾರ್ಬರ್‌ನ ಜ್ಯಾಕ್ಸನ್ ಪ್ರಯೋಗಾಲಯದಲ್ಲಿ ವಿಪರೀತ ದಪ್ಪನೆಯ ಇಲಿಗಳು ಕಾಣಿಸಿಕೊಂಡವು. ತಿಂದಷ್ಟೂ ಅವಕ್ಕೆ ಹಸಿವು. ತೂಕ ಸಾಮಾನ್ಯ ಇಲಿಯ ಮೂರು ಪಟ್ಟು. ಅದೊಂದು ಆನುವಂಶಿಕ ದೋಷ. 1960ರ ದಶಕದಲ್ಲಿ ಅಲ್ಲಿಯೇ ಇನ್ನೊಂದು ತಳಿ ದೊರೆಯಿತು. ಅದಕ್ಕೆ ಬೊಜ್ಜಿನ ಜೊತೆಗೆ ತೀವ್ರ ಮಧುಮೇಹವೂ ಇತ್ತು.

ಡಗ್ಲಾಸ್ ಕೋಲ್ಮನ್ ಎಂಬ ವಿಜ್ಞಾನಿ ಎರಡೆರಡು ಇಲಿಗಳ ಮೈಯನ್ನು ಹೊಲಿದು, ಒಂದರ ರಕ್ತ ಮತ್ತೊಂದಕ್ಕೆ ಹರಿಯುವಂತೆ ಮಾಡಿದರು. ಮಧುಮೇಹದ ಇಲಿಯ ಜೊತೆಗಿದ್ದ ಸಾಮಾನ್ಯ ಇಲಿ ಎದುರಿಗೇ ಆಹಾರವಿದ್ದರೂ ತಿನ್ನದೆ ಸತ್ತಿತು. ಮೊದಲ ತಳಿಯ ದಪ್ಪ ಇಲಿಯನ್ನು ಅದರೊಂದಿಗೆ ಸೇರಿಸಿದಾಗಲೂ ಹಾಗೆಯೇ ಆಯಿತು. 'ಹೊಟ್ಟೆ ತುಂಬಿತು' ಎಂದು ಹೇಳುವ ಯಾವುದೋ ವಸ್ತು ರಕ್ತದಲ್ಲಿದೆ. ಒಂದು ತಳಿಗೆ ಅದನ್ನು ತಯಾರಿಸಲು ಬಾರದು, ಇನ್ನೊಂದಕ್ಕೆ ಅದು ಕೇಳಿಸದು ಎಂದು ಕೋಲ್ಮನ್ 1973ರಲ್ಲಿ ತೀರ್ಮಾನಿಸಿದರು.

ಆ ವಸ್ತು ಸಿಕ್ಕಿದ್ದು 1994ರಲ್ಲಿ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಅದರ ಜೀನನ್ನು ಪತ್ತೆಹಚ್ಚಿತು. ಆಶ್ಚರ್ಯವೆಂದರೆ, ಅದನ್ನು ತಯಾರಿಸುವುದು ಕೊಬ್ಬಿನ ಕೋಶವೇ! ತೆಳು ಎಂಬರ್ಥದ ಗ್ರೀಕ್ ಪದದಿಂದ ಅದಕ್ಕೆ 'ಲೆಪ್ಟಿನ್' ಎಂಬ ಹೆಸರು ಬಂತು. ಮೂಕವೆನಿಸಿದ್ದ ಕೊಬ್ಬು ಮಿದುಳಿಗೆ ಓಲೆ ಕಳುಹಿಸುತ್ತಿತ್ತು.

ಬೊಜ್ಜಿಗೆ ಮದ್ದು ಸಿಕ್ಕಿತೆಂದು ಹಿಗ್ಗಿದವರಿಗೆ ನಿರಾಸೆ ಕಾದಿತ್ತು. ಬೊಜ್ಜಿರುವ ಬಹುತೇಕರ ರಕ್ತದಲ್ಲಿ ಲೆಪ್ಟಿನ್ ಧಾರಾಳವಾಗಿಯೇ ಇರುತ್ತದೆ. ಓಲೆ ತಲುಪಿದರೂ ಮಿದುಳು ಓದುವುದಿಲ್ಲ. ಓಲೆಗಳು ಇನ್ನೂ ಇವೆ. 1995ರಲ್ಲಿ ತಿಳಿದುಬಂದ ಅಡಿಪೊನೆಕ್ಟಿನ್ ಇನ್ಸುಲಿನ್ನಿನ ಕೆಲಸಕ್ಕೆ ನೆರವಾಗುತ್ತದೆ. ಬೊಜ್ಜು ಹೆಚ್ಚಿದಂತೆ ಅದೇ ಕಡಿಮೆಯಾಗುತ್ತದೆ.

ಹಾಗಾದರೆ ಕೊಬ್ಬೇ ಇಲ್ಲದಿದ್ದರೆ ಕ್ಷೇಮವೇ? ಅಲ್ಲ. ಕೊಬ್ಬಿನ ಅಂಗಾಂಶವೇ ಇಲ್ಲದೆ ಹುಟ್ಟುವ ಅಪರೂಪದ ಮಂದಿಗೂ ಕಠಿಣ ಮಧುಮೇಹ ಬರುತ್ತದೆ. ಹಗೇವಿಲ್ಲದ ಮನೆಯಲ್ಲಿ ಕಾಳು ಅಂಗಳದಲ್ಲಿ ಚೆಲ್ಲಾಡುವಂತೆ, ಕೊಬ್ಬು ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ ಸೇರಿ ಇನ್ಸುಲಿನ್ನಿಗೆ ಅಡ್ಡಿಯಾಗುತ್ತದೆ.

ಈ ಮಾತು ಭಾರತೀಯರಿಗೆ ಹತ್ತಿರದ್ದು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ಚಿತ್ರ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಆದರೆ ಮೈಯಲ್ಲಿದ್ದ ಕೊಬ್ಬು ಯುಡ್ಕಿನ್‌ರದು ಶೇ 9.1, ಯಾಜ್ಞಿಕ್‌ರದು ಶೇ 21.2. ತೆಳ್ಳಗೆ ಕಾಣುವ ಭಾರತೀಯನಿಗೂ ಸಕ್ಕರೆ ಕಾಯಿಲೆ ಏಕೆ ಎಂಬುದಕ್ಕೆ ಇಲ್ಲೊಂದು ಸುಳಿವಿದೆ.

ಕೊಬ್ಬು ಎಷ್ಟಿದೆ ಎಂಬುದರಷ್ಟೇ, ಅದು ಎಲ್ಲಿದೆ, ಏನು ಹೇಳುತ್ತಿದೆ ಎಂಬುದೂ ಮುಖ್ಯ. ತಕ್ಕಡಿಗೆ ಅದು ಕೇಳಿಸುವುದಿಲ್ಲ.